ಅರಿತ್ಮಿಯಾದ ಊರಿನಲ್ಲಿ ಓಡಿದವಳು

ಆ ಊರಿನಲ್ಲಿ ಯಾರೂ ಓಡುತ್ತಿರಲಿಲ್ಲ.

ಮಳೆ ಬಂದರೆ ನೆನೆಯುತ್ತಿದ್ದರು. ನಾಯಿ ಅಟ್ಟಿಸಿಕೊಂಡು ಬಂದರೆ ಕಚ್ಚಿಸಿಕೊಳ್ಳುತ್ತಿದ್ದರು. ಅನ್ನ ಸೀಯುವ ವಾಸನೆ ಬಂದರೆ ಮೆಲ್ಲಗೆ ಎದ್ದು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಒಲೆಯ ಹತ್ತಿರ ಹೋಗುತ್ತಿದ್ದರು. ಅಷ್ಟರಲ್ಲಿ ಅನ್ನ ಕರಿಯಾಗಿರುತ್ತಿತ್ತು. ಕರಿ ಅನ್ನವನ್ನೇ ತಿನ್ನುತ್ತಿದ್ದರು. ಯಾಕೆಂದರೆ ಆ ಊರಿನವರಿಗೆಲ್ಲ ಒಂದು ಕಾಯಿಲೆ ಇತ್ತು, ಆ ಕಾಯಿಲೆಗೆ ಒಂದು ಹೆಸರಿತ್ತು. ಅರಿತ್ಮಿಯಾ. ಎದೆ ತಾಳ ತಪ್ಪಿ ಹೊಡೆದುಕೊಳ್ಳುವುದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು.

ಅದು ಸುಣ್ಣದ ಊರು. ಮೇಲೆ ಗುಡ್ಡ, ಗುಡ್ಡದ ಬುಡದಲ್ಲಿ ಸುಣ್ಣದ ಗೂಡುಗಳು. ಗುಡ್ಡದ ಕಲ್ಲನ್ನು ಒಡೆದು ತಂದು ಗೂಡಿನೊಳಗೆ ಪೇರಿಸಿ, ನಡುನಡುವೆ ಇದ್ದಿಲು ತುಂಬಿ ಸುಡುತ್ತಿದ್ದರು. ಸುಟ್ಟ ಕಲ್ಲು ಬೆಳ್ಳಗಾಗುತ್ತಿತ್ತು. ಸುಡುವವರೂ ಬೆಳ್ಳಗಾಗುತ್ತಿದ್ದರು. ಮರ ಬಿಳಿ, ಕಾಗೆ ಬಿಳಿ, ಹೆಣ್ಣುಮಕ್ಕಳ ಕೂದಲು ಮದುವೆಗೆ ಮುಂಚೆಯೇ ಬಿಳಿ. ಆ ಸುಣ್ಣ ಬಳಿದುಕೊಂಡು ಬೇರೆ ಊರುಗಳ ಗೋಡೆಗಳು ಹೊಳೆಯುತ್ತಿದ್ದವು.

ಸುಣ್ಣ ಗಂಟಲನ್ನು ಸುಡುತ್ತದೆ. ಅಂಥ ಊರಿನಲ್ಲಿ ದೇವರಿಗಿಂತ ದೊಡ್ಡದು ನೀರು. ನೀರು ಇದ್ದದ್ದು ಒಂದೇ ತೊಟ್ಟಿಯಲ್ಲಿ. ತೊಟ್ಟಿ ಯಜಮಾನನದು. ಗೂಡುಗಳೂ ಯಜಮಾನನವೇ. ಗುಡ್ಡ ಯಾರದು ಎಂದು ಯಾರೂ ಕೇಳಿರಲಿಲ್ಲ.

ಒಂದು ಕಾಲದಲ್ಲಿ ಅಲ್ಲಿಯ ಜನವೂ ಓಡುತ್ತಿದ್ದರು, ಕೂಗಾಡುತ್ತಿದ್ದರು. ಗೂಡಿನ ಹೊಗೆ ಕುಡಿದು ಆಳುಗಳು ಸಾಯತೊಡಗಿದಾಗ ಊರಿಗೆ ಊರೇ ಹಾರೆ ಗುದ್ದಲಿ ಹಿಡಿದು ಏರು ಹತ್ತಿ ಯಜಮಾನನ ಬಾಗಿಲಿಗೆ ಓಡಿತ್ತು. ಯಜಮಾನ ದೊಣ್ಣೆಯವರನ್ನು ಕಳಿಸಲಿಲ್ಲ. ಅವನು ದಡ್ಡನಲ್ಲ. ಬಿಳಿ ಕೋಟಿನ ಡಾಕ್ಟರನನ್ನು ಕಳಿಸಿದ.

ಡಾಕ್ಟರ ನಗುನಗುತ್ತಲೇ ಬಂದ. ಹಾರೆಗಳನ್ನು ಕೆಳಗಿಡಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರ ಎದೆಗೂ ಕೊಳವೆ ಇಟ್ಟು ಕಣ್ಣು ಮುಚ್ಚಿ ಕೇಳಿದ. ಏರು ಹತ್ತಿ ಓಡಿಬಂದ ಎದೆಗಳು, ಸಿಟ್ಟಿನ ಎದೆಗಳು. ಡಬಡಬ ಹೊಡೆದುಕೊಳ್ಳದೆ ಇನ್ನೇನು ಮಾಡುತ್ತವೆ? ಪ್ರತಿಯೊಬ್ಬರಿಗೂ ಅವನು ಒಂದೇ ಮಾತು ಹೇಳಿದ.

“ಅರಿತ್ಮಿಯಾ.”

ಜನ ಗಪ್ಪಾದರು. ಹುಟ್ಟಿದಂದಿನಿಂದ ಅವರ ಎದೆಗೆ ಕಿವಿಯಿಟ್ಟು ಕೇಳಿದವರೇ ಇರಲಿಲ್ಲ. ಈಗ ದೊಡ್ಡ ಮನುಷ್ಯನೊಬ್ಬ ಕೇಳಿದ್ದ, ಕೇಳಿ ದೊಡ್ಡದೊಂದು ಹೆಸರು ಕೊಟ್ಟಿದ್ದ. ಕೆಲವರಿಗೆ ಕಣ್ಣಲ್ಲಿ ನೀರು ಬಂತು.

“ಸತ್ತವರು ಹೊಗೆಯಿಂದ ಸತ್ತದ್ದಲ್ಲ,” ಎಂದ ಡಾಕ್ಟರ. “ಅವರ ಎದೆ ತಾಳ ತಪ್ಪಿತು, ಅಷ್ಟೇ. ನಿಮಗೂ ತಪ್ಪಬಾರದು ಅಂದರೆ ನಾನು ಹೇಳಿದ ಹಾಗೆ ಇರಬೇಕು. ಓಡಬಾರದು. ಕೂಗಬಾರದು. ಸಿಟ್ಟಂತೂ ಮಾಡಿಕೊಳ್ಳಲೇ ಬಾರದು. ಸಿಟ್ಟು ಬಂದರೆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ನಿಂತುಬಿಡಿ. ಎದೆ ಜೋಪಾನ.”

ಅವತ್ತು ಜನ ಇಳಿಜಾರಿನಲ್ಲಿ ನಿಧಾನವಾಗಿ ನಡೆದು ಬಂದರು. ಹಾರೆ ಗುದ್ದಲಿಗಳನ್ನು ಮೇಲೆಯೇ ಮರೆತು ಬಂದಿದ್ದರು.

ಆಮೇಲೆ ಆ ಪದ ಮನೆಮನೆಗೂ ನುಗ್ಗಿತು. ಮೊದಮೊದಲು ತಮಾಷೆಗೇ ಆಡುತ್ತಿದ್ದರು. ಒಲೆ ಹತ್ತದಿದ್ದರೆ ಒಲೆಗೆ ಅರಿತ್ಮಿಯಾ. ಗಂಡ ಕುಡಿದು ತೂರಾಡಿದರೆ ಕಾಲಿಗೆ ಅರಿತ್ಮಿಯಾ. ತೊಟ್ಟಿಯ ಹತ್ತಿರ ಹೆಂಗಸರು ಸೇರಿದರೆ ಅದೇ ಮಾತು.

“ಏನೇ, ನಿನ್ನ ಸೊಸೆ ಬಸುರಿಯಂತೆ?”

“ಎಲ್ಲಿಯ ಬಸುರು! ನನ್ನ ಮಗನಿಗೆ ಅಲ್ಲೂ ಅರಿತ್ಮಿಯಾ.”

ಕೊಡಗಳು ಅಲುಗಾಡುವಷ್ಟು ನಗುತ್ತಿದ್ದರು. ನಗು ಜಾಸ್ತಿಯಾದರೆ ಯಾರಾದರೂ ಎಚ್ಚರಿಸುತ್ತಿದ್ದರು: “ಸಾಕು ಕಣ್ರೇ, ಎದೆ ಜೋಪಾನ.” ನಗು ನಿಲ್ಲುತ್ತಿತ್ತು.

ಬರುಬರುತ್ತ ಆ ಪದ ಬೇರೆ ಪದಗಳನ್ನು ತಿನ್ನತೊಡಗಿತು. ಹಸಿವು ಎನ್ನುತ್ತಿದ್ದವರು ಹೊಟ್ಟೆಗೆ ಅರಿತ್ಮಿಯಾ ಎಂದರು. ಯಜಮಾನ ಒದ್ದ ಎನ್ನುವ ಬದಲು ಬೆನ್ನಿಗೆ ಅರಿತ್ಮಿಯಾ ಆಗಿದೆ ಎಂದರು. ಗೂಡಿನ ಹತ್ತಿರ ಹೆಂಗಸೊಬ್ಬಳ ಸೆರಗು ಎಳೆದವನ ಹೆಸರು ಊರಿಗೆಲ್ಲ ಗೊತ್ತಿತ್ತು. ಅವಳು ಮಾತ್ರ, ನನ್ನ ಸೆರಗಿಗೆ ಅರಿತ್ಮಿಯಾ, ಎಂದು ಹೇಳಿ ಒಳಗೆ ಹೋದಳು. ಆಮೇಲೆ ಆಡುವ ಮಾತು ಕಟ್ಟಳೆಯಾಯಿತು. ಸಂಜೆ ತೊಟ್ಟಿಯ ಬಾಯಿ ತೆಗೆಯುವ ಮುಂಚೆ ಪ್ರತಿ ಮನೆಯಿಂದಲೂ ಒಬ್ಬರು ಮುಂದೆ ಬಂದು ನಿಲ್ಲಬೇಕು. ಎಡಸೊಂಟದ ಮೇಲೆ ಕೊಡ, ಎದೆಯ ಮೇಲೆ ಬಲಗೈ. ಆ ದಿನ ಮನೆಯಲ್ಲಿ ಏನು ಕೆಟ್ಟದ್ದಾಗಿದೆಯೋ ಅದನ್ನು ಆ ಪದದಲ್ಲೇ ಹೇಳಬೇಕು. ನೆರೆದವರೆಲ್ಲ “ಎದೆ ಜೋಪಾನ” ಎನ್ನಬೇಕು. ಆಮೇಲೆ ನೀರು. ಹೇಳದ ಮನೆಗೆ ನೀರಿಲ್ಲ. ಹೇಳದ ಮನೆಗೆ ಕದ್ದು ನೀರು ಕೊಟ್ಟವರಿಗೂ ಇಲ್ಲ.

ಎರಡೂ ಕೈ ಹಾಗೆ ಕಟ್ಟಿಹೋದ ಮೇಲೆ ಯಾರತ್ತ ಬೆರಳು ತೋರಿಸಬೇಕೆಂದರೂ ಕೈ ಎಲ್ಲಿದೆ? ಯಜಮಾನ ಇದನ್ನು ಯೋಚಿಸಿಯೇ ಮಾಡಿದ್ದ. ಜನ ಯೋಚಿಸಲಿಲ್ಲ. ಯೋಚಿಸಿದರೆ ಎದೆಗೆ ಒಳ್ಳೆಯದಲ್ಲ ಎಂದು ಯಾರೋ ಹೇಳಿದ್ದರು.

ಅಲ್ಲಿ ಒಂದು ಮನೆ. ಆ ಮನೆಯಲ್ಲಿ ಸುಣ್ಣ ಸುಡುವವನು, ಅವನ ಹೆಂಡತಿ, ಅವನ ತಾಯಿ, ಮಾತು ಕಲಿತಿದ್ದ ಒಬ್ಬಳು ಪುಟ್ಟ ಮಗಳು. ಒಂದು ದಿನ ಬೆಳಿಗ್ಗೆ ಅವನು ಕೆಲಸಕ್ಕೆ ಹೋಗಿ, ಹೋದ ಹಾಗೇ ಗೂಡಿನಿಂದ ಹೊರಗೆ ಬಂದ. ಯಜಮಾನ ಅಲ್ಲೇ ಕೊಡೆ ಹಿಡಿಸಿಕೊಂಡು ನಿಂತಿದ್ದ.

“ಬುದ್ಧೀ, ಗೂಡಿನ ಗೋಡೆ ಉಬ್ಬಿದೆ. ಬಿರುಕಿನಲ್ಲಿ ನನ್ನ ಕೈ ಹೋಗುತ್ತೆ. ಒಳಗೆ ಇಳಿದರೆ ಮೇಲೆ ಬೀಳುತ್ತೆ.”

ಯಜಮಾನ ಪಕ್ಕದಲ್ಲಿದ್ದ ಡಾಕ್ಟರನ ಮುಖ ನೋಡಿದ. “ನೋಡಿದ್ರಾ ಡಾಕ್ಟ್ರೇ? ಈಗ ನನ್ನ ಗೋಡೆಗೂ ಅರಿತ್ಮಿಯಾ ಅಂತೆ!”

ಸುತ್ತಲಿನ ಆಳುಗಳು ನಕ್ಕರು. ಯಜಮಾನ ನಕ್ಕಾಗ ನಗಬೇಕಿತ್ತು. ಸುಣ್ಣ ಸುಡುವವನಿಗೆ ನಗು ಬರಲಿಲ್ಲ.

“ತಮಾಷೆ ಅಲ್ಲ ಬುದ್ಧೀ. ಬಂದು ನೀವೇ ನೋಡಿ.”

“ದನಿ ಏರಿಸಬೇಡ ಕಣಯ್ಯಾ,” ಎಂದ ಡಾಕ್ಟರ, ಬಲು ಮಮತೆಯಿಂದ. “ನಿನ್ನ ಎದೆಗೆ ಒಳ್ಳೆಯದಲ್ಲ. ಕೈ ಎಲ್ಲಿ?”

ಅವನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಅಭ್ಯಾಸ. ಹಾಗೆ ಎದೆ ಹಿಡಿದುಕೊಂಡೇ ಅವನು ಮತ್ತೆ ಗೂಡಿನೊಳಗೆ ಇಳಿದ.

ಬಿಸಿಲು ನೆತ್ತಿಗೆ ಬರುವ ಮುಂಚೆ ಗೋಡೆ ಬಿತ್ತು.

ಬಿದ್ದ ಸದ್ದು ಊರಿನ ಕೊನೆಯ ಮನೆಗೂ ಕೇಳಿತು. ಬಿಳಿ ಧೂಳು ಎದ್ದು ಸೂರ್ಯನನ್ನು ಮುಚ್ಚಿತು. ಎಲ್ಲರೂ ಮನೆಗಳಿಂದ ಹೊರಗೆ ಬಂದರು, ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ ಆಳುಗಳು ಕೆಳಗಿಳಿಯತೊಡಗಿದರು. ಎಲ್ಲರಿಗೂ ಗೊತ್ತಾಯಿತು ಏನಾಗಿದೆ ಎಂದು. ಎಲ್ಲರೂ ಹೊರಟರು. ಅವರು ಕಟುಕರಲ್ಲ, ನೆರೆಹೊರೆಯವರು, ನೆಂಟರು. ಅವನ ಮದುವೆಯಲ್ಲಿ ಉಂಡವರು. ಎಲ್ಲರೂ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡರು. ಎಲ್ಲರೂ ನಡೆದರು. ಒಂದು ಹೆಜ್ಜೆ, ಉಸಿರು. ಇನ್ನೊಂದು ಹೆಜ್ಜೆ, ಉಸಿರು. ಗಾಬರಿಯಾದವರ ತೋಳನ್ನು ಪಕ್ಕದವರು ಹಿಡಿದು ಸಮಾಧಾನ ಮಾಡಿದರು. “ನಿಧಾನ ಕಣಪ್ಪ, ನಿಧಾನ. ನಿನಗೇ ಏನಾದರೂ ಆದರೆ ಯಾರು ಗತಿ? ಎದೆ ಜೋಪಾನ.”

ಹೆಂಡತಿ ಓಡಿದಳು.

ಮೊದಲು ಅವಳಿಗೇ ತಾನು ಓಡುತ್ತಿದ್ದೇನೆಂದು ಗೊತ್ತಾಗಲಿಲ್ಲ. ಸೆರಗು ಹಾರಿತು, ಕಾಲಿಗೆ ಕಲ್ಲು ಚುಚ್ಚಿತು, ಗಾಳಿ ಮುಖಕ್ಕೆ ಬಡಿಯಿತು. ನಡೆಯುತ್ತಿದ್ದವರೆಲ್ಲ ಹಿಂದೆ ಬಿದ್ದರು. “ಸಾಯ್ತೀಯ ಕಣೇ, ನಿಲ್ಲು!” ಎಂದು ಪಕ್ಕದ ಮನೆಯವಳು ಆದಷ್ಟು ಮೆಲುದನಿಯಲ್ಲಿ ಕೂಗಿದಳು. ಎದೆ ಹೊಡೆದುಕೊಂಡಿತು. ಜೋರಾಗಿ, ಇನ್ನೂ ಜೋರಾಗಿ ಹೊಡೆದುಕೊಂಡಿತು. ಅವಳು ಸಾಯಲಿಲ್ಲ.

ಗೂಡಿನ ಬಾಯಲ್ಲಿ ಕಲ್ಲಿನ ರಾಶಿ. ರಾಶಿಯ ಕೆಳಗಿನಿಂದ ದನಿ ಬರುತ್ತಿತ್ತು. ಅವಳು ಬರಿಗೈಯಲ್ಲಿ ಕಲ್ಲು ಎತ್ತಿ ಎಸೆಯತೊಡಗಿದಳು. ಕಲ್ಲು ಇನ್ನೂ ಬಿಸಿ. ಅಂಗೈ ಚರ್ಮ ಕಲ್ಲಿಗೆ ಅಂಟಿಕೊಂಡು ಬಂತು.

“ಯಾರು?” ಎಂದಿತು ದನಿ.

“ನಾನು. ಮಾತಾಡಬೇಡಿ, ಸುಣ್ಣ ಬಾಯಿಗೆ ಹೋಗುತ್ತೆ.”

“ಒಬ್ಬಳೇ ಬಂದೆಯಾ?”

“ಇಲ್ಲ. ಎಲ್ಲಾ ಬರ್ತಿದ್ದಾರೆ.”

“ಕಾಲ ಮೇಲೆ ದೊಡ್ಡ ಕಲ್ಲಿದೆ. ನಿನ್ನ ಕೈಲಾಗಲ್ಲ. ನಾಲ್ಕು ಜನ ಬೇಕು.”

“ಬರ್ತಿದ್ದಾರೆ ಅಂದೆನಲ್ಲ.”

ಅವಳು ಇನ್ನೊಂದು ಕಲ್ಲು ಎತ್ತಿ ಎಸೆದಳು. ದನಿ ತೀರಾ ಸಣ್ಣಗೆ ಕೇಳಿತು: “ಓಡಿ ಬರ್ತಿದ್ದಾರಾ?”

ಅವಳು ತಿರುಗಿ ನೋಡಿದಳು. ಬಿಳಿ ದಾರಿಯಲ್ಲಿ ಊರಿಗೆ ಊರೇ ಬರುತ್ತಿತ್ತು. ಎಲ್ಲರ ಕೈ ಎದೆಯ ಮೇಲೆ. ಮೆರವಣಿಗೆಯ ಹಾಗೆ, ಒಂದು ಹೆಜ್ಜೆ, ಉಸಿರು, ಇನ್ನೊಂದು ಹೆಜ್ಜೆ.

“ಹೂಂ,” ಎಂದಳು. “ಓಡಿ ಬರ್ತಿದ್ದಾರೆ.”

ಅವರು ಬಂದು ತಲುಪಿದಾಗ ಕಲ್ಲಿನ ಕೆಳಗೆ ದನಿ ಇರಲಿಲ್ಲ. ಅವರು ಕಲ್ಲನ್ನು ಎತ್ತಿದರು. ನಾಲ್ಕು ಜನ ಸೇರಿದಾಗ ಅದು ಸುಲಭವಾಗಿಯೇ ಎದ್ದಿತು.

ಡಾಕ್ಟರ ಕೊಳವೆಯನ್ನು ಹೆಣದ ಎದೆಗೆ ಇಟ್ಟು ಕಣ್ಣು ಮುಚ್ಚಿದ. ಎದ್ದು ನಿಂತು ಹೇಳಿದ ಮಾತು ಯಾವುದೆಂದು ನಾನು ಬರೆಯಬೇಕಾಗಿಲ್ಲ.

ಮಣ್ಣಾಯಿತು. ಸಂಜೆಯಾಯಿತು. ಸಾವಿನ ಮನೆಯೆಂದು ಕಟ್ಟಳೆಗೆ ರಿಯಾಯಿತಿ ಇರಲಿಲ್ಲ. ಹೆಂಡತಿ ಕೊಡ ಹಿಡಿದು ತೊಟ್ಟಿಯ ಮುಂದೆ ನಿಂತಳು. ತೊಟ್ಟಿ ಕಾಯುವವನು ಹೇಳಿಕೊಟ್ಟ: “ನನ್ನ ಗಂಡ ಅರಿತ್ಮಿಯಾದಿಂದ ತೀರಿಕೊಂಡ, ಅನ್ನು. ಅಷ್ಟೇ ಕಣಮ್ಮ. ಬಾಯಲ್ಲಿ ಅಂದುಬಿಡು, ಕೊಡ ತುಂಬಿಸಿಕೊಂಡು ಹೋಗು.”

ಅವಳು ತುಟಿ ಬಿಚ್ಚಲಿಲ್ಲ. ಎಲ್ಲರೂ ಕಾದರು. ಅವಳು ಖಾಲಿ ಕೊಡ ಹೊತ್ತು ಮನೆಗೆ ಹೋದಳು.

ಮಾರನೆಯ ದಿನವೂ ಹಾಗೇ ಆಯಿತು.

ಮೂರನೆಯ ದಿನ ಮನೆಯಲ್ಲಿ ಅತ್ತೆ ಮಡಕೆಯ ತಳದ ತೇವವನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮೊಮ್ಮಗಳ ಬಾಯಿಗೆ ಇಡುತ್ತಿದ್ದಳು. ಮಗುವಿನ ತುಟಿ ಒಣಗಿ ಒಡೆದಿತ್ತು. ಅಳುವುದಕ್ಕೂ ಅದಕ್ಕೆ ನೀರಿರಲಿಲ್ಲ.

“ಹೇಳಿಬಿಡೇ,” ಎಂದಳು ಅತ್ತೆ. “ಅವನು ನಿನ್ನ ಗಂಡ ಆಗೋಕೆ ಮುಂಚೆ ನನ್ನ ಮಗ. ನನಗಿಲ್ಲದ ಸಂಕಟ ನಿನಗಾ? ನಾನು ನನ್ನ ಗಂಡ ಸತ್ತಾಗಲೂ ಹೇಳಿದೆ. ನೀರು ತಂದೆ. ಆ ನೀರು ಕುಡಿದೇ ನಿನ್ನ ಗಂಡ ಬೆಳೆದದ್ದು.”

“ಬೆಳೆದು ಎಲ್ಲಿಗೆ ಹೋದರು ಅತ್ತೆ?”

ಅತ್ತೆ ಬಟ್ಟೆ ಹಿಂಡಿದಳು. ಏನೂ ಬರಲಿಲ್ಲ.

ಪಕ್ಕದ ಮನೆಯವಳು ಬಂದು ಹೊಸ್ತಿಲ ಆಚೆಯೇ ಕೂತಳು. ಅವಳ ಕಣ್ಣು ಕೆಂಪಾಗಿತ್ತು. “ನಾನು ನೀರು ತರಲಿಲ್ಲ ಅಂತ ಬೈಕೊಬೇಡ ಕಣೇ. ನಮ್ಮ ಮನೇಲೂ ಮಕ್ಕಳಿವೆ.”

“ಗೊತ್ತು.”

“ಒಂದು ಪದ ಕಣೇ. ಬಾಯಿಂದ ಬಿದ್ದರೆ ಗಾಳಿ. ದಿನಾ ನಾವೆಲ್ಲ ಹೇಳಲ್ವಾ? ನಿನ್ನೆ ನನ್ನ ಗಂಡನ ಕೂಲಿ ಹಿಡಿದರು. ನಾನೇನು ಹೇಳಿದೆ ಗೊತ್ತಾ? ನಮ್ಮ ಗಂಟಿಗೆ ಅರಿತ್ಮಿಯಾ ಅಂದೆ. ಯಜಮಾನನೂ ನಕ್ಕ.”

“ಅವತ್ತು ಗೂಡಿನ ತನಕ ನೀನು ನಡೆದೇ ಬಂದೆಯಲ್ಲ, ಯಾಕೆ?” ಎಂದು ಇವಳು ಕೇಳಿದಳು.

ಪಕ್ಕದ ಮನೆಯವಳು ನೆಲ ನೋಡಿದಳು. “ನನಗೆ ಎದೆ ಸರಿ ಇಲ್ಲ, ನಿನಗೆ ಗೊತ್ತಲ್ಲ.”

“ನನಗೂ ಹಾಗೇ ಹೇಳಿದ್ದರು. ನಾನು ಓಡಿದೆ. ನೋಡು, ಇದ್ದೀನಿ.”

“ಎಲ್ಲರ ಎದೆ ಒಂದೇ ಥರ ಇರುತ್ತಾ?”

“ಮತ್ತೆ ಎಲ್ಲರ ಕಾಯಿಲೆ ಹೇಗೆ ಒಂದೇ ಥರ ಇದೆ?”

ಪಕ್ಕದ ಮನೆಯವಳ ಕೈ ಮೆಲ್ಲಗೆ ಎದೆಗೆ ಹೋಯಿತು. ಅವಳು ಎದ್ದು ನಿಧಾನವಾಗಿ ನಡೆದು ಹೋದಳು.

ಅವತ್ತು ಸಂಜೆ ಹೆಂಡತಿ ಮತ್ತೆ ತೊಟ್ಟಿಗೆ ಹೋದಳು. ಅತ್ತೆ ಮಗುವನ್ನು ಎತ್ತಿಕೊಂಡು ಹಿಂದೆ ಬಂದಳು. ಯಜಮಾನನೂ ಡಾಕ್ಟರನೂ ಬಂದಿದ್ದರು. ಇವಳ ಸರದಿ ಬಂತು. ಅವಳು ಕೊಡವನ್ನು ನೆಲಕ್ಕಿಟ್ಟಳು. ಎದೆಯ ಮೇಲಿನ ಕೈಯನ್ನು ತೆಗೆದಳು. ಜನ ಗುಂಪಾಗಿ ಹಿಂದೆ ಸರಿದರು, ಹಾವು ಕಂಡವರ ಹಾಗೆ.

“ಗೋಡೆ ಉಬ್ಬಿತ್ತು,” ಎಂದಳು. “ನನ್ನ ಗಂಡ ನಿಮ್ಮೆಲ್ಲರ ಗಂಡಸರ ಮುಂದೆಯೇ ಹೇಳಿದ್ದರು. ಇವನು ನಕ್ಕ.” ಬೆರಳು ಯಜಮಾನನ ಕಡೆ ಹೋಯಿತು. ಆ ಅಂಗೈಯಲ್ಲಿ ಚರ್ಮವಿರಲಿಲ್ಲ. “ನಕ್ಕು ಒಳಗೆ ಕಳಿಸಿದ. ನನ್ನ ಗಂಡನ ಎದೆ ಕಲ್ಲಿನ ಕೆಳಗೂ ಹೊಡೆದುಕೊಳ್ಳುತ್ತಿತ್ತು. ನಿಮಗೋಸ್ಕರ ಕಾಯುತ್ತಿತ್ತು. ಓಡಿ ಬರ್ತಿದ್ದಾರಾ ಅಂತ ಕೇಳಿದರು. ಹೂಂ ಅಂದೆ. ನಿಮ್ಮ ಮಾನ ಉಳಿಸೋಕೆ ನಾನು ಸಾಯುವವನಿಗೆ ಸುಳ್ಳು ಹೇಳಿದೆ.”

ಅವಳು ಪೂರ್ತಿ ಗುಂಪಿನತ್ತ ತಿರುಗಿದಳು.

“ನಿಮಗೆ ಯಾವ ಕಾಯಿಲೆಯೂ ಇಲ್ಲ! ಸಿಟ್ಟು ಬಂದರೆ ಎದೆ ಹೊಡೆದುಕೊಳ್ಳುತ್ತೆ. ಹೆದರಿದರೆ ಹೊಡೆದುಕೊಳ್ಳುತ್ತೆ. ಓಡಿದರೆ ಹೊಡೆದುಕೊಳ್ಳುತ್ತೆ. ಹೊಡೆದುಕೊಳ್ಳದಿದ್ದರೆ ಹೆಣ. ಕೈ ಕೆಳಗಿಳಿಸ್ರೋ!”

ಗುಂಪಿನಲ್ಲಿ ಒಬ್ಬ ಮುದುಕನ ಕೈ ಎದೆಯಿಂದ ಸ್ವಲ್ಪ ಕೆಳಗಿಳಿಯಿತು. ಯಜಮಾನ ಅದನ್ನು ಕಂಡ. ಡಾಕ್ಟರನಿಗೆ ಕಣ್ಸನ್ನೆ ಮಾಡಿದ.

ಡಾಕ್ಟರನ ದನಿ ಎಂದಿನ ಹಾಗೇ ಮೆತ್ತಗಿತ್ತು. “ಪಾಪ. ನೋಡಿ, ಹೇಗೆ ನಡುಗುತ್ತಿದ್ದಾಳೆ. ಕಣ್ಣು ಕೆಂಪಾಗಿದೆ, ಕುತ್ತಿಗೆಯ ನರ ನೋಡಿ. ಹೀಗೇ ಬಿಟ್ಟರೆ ಬೆಳಗಾಗುವುದರೊಳಗೆ ಎದೆ ನಿಲ್ಲುತ್ತದೆ. ನಿಮ್ಮ ಕಣ್ಣ ಮುಂದೆಯೇ ಇನ್ನೊಂದು ಸಾವು ನೋಡುತ್ತೀರಾ? ಮಲಗಿಸಿ. ಅಲುಗಾಡದ ಹಾಗೆ ಕಟ್ಟಿ. ಅವಳ ಒಳ್ಳೆಯದಕ್ಕೆ.”

ಮುದುಕನ ಕೈ ಮತ್ತೆ ಮೇಲೇರಿತು.

ದೊಣ್ಣೆಯವರು ಬೇಕಾಗಲಿಲ್ಲ. ನೆರೆಯವರೇ ಬಂದರು. ಪಕ್ಕದ ಮನೆಯವಳು ಮೊದಲು ಬಂದಳು. “ನಿನಗೂ ಏನಾದರೂ ಆದರೆ ಮಗುವಿಗೆ ಯಾರು ಗತಿ ಕಣೇ,” ಎಂದು ಅಳುತ್ತ ಅವಳನ್ನು ತಬ್ಬಿ ಹಿಡಿದಳು. ಉಳಿದವರು ಕಾಲು ಹಿಡಿದರು. ಅವಳು ಕಚ್ಚಿದಳು, ಒದ್ದಳು. ಕಚ್ಚಿಸಿಕೊಂಡವರೂ ಅಳುತ್ತಿದ್ದರು. ಹಗ್ಗ ಒತ್ತಬಾರದೆಂದು ಮನೆಮನೆಯಿಂದ ಹಳೆಯ ಮೆತ್ತನೆ ಸೀರೆಗಳನ್ನು ತಂದರು. ಆ ಸೀರೆಗಳಿಂದ ಅವಳನ್ನು ಅವಳದೇ ಮನೆಯ ಮಂಚಕ್ಕೆ ಕಟ್ಟಿದರು. ಪ್ರೀತಿಯಿಂದ ಕಟ್ಟಿದ ಗಂಟು ಬಲು ಬಿಗಿ.

ತೊಟ್ಟಿಯ ಹತ್ತಿರ ಅತ್ತೆ ಒಬ್ಬಳೇ ಉಳಿದಿದ್ದಳು. ಮಗು ಅವಳ ಹೆಗಲ ಮೇಲೆ ತಲೆ ಜೋಲು ಬಿಟ್ಟಿತ್ತು. ನೆಲದಲ್ಲಿ ಸೊಸೆ ಇಟ್ಟ ಕೊಡ.

“ಏನಜ್ಜಿ,” ಎಂದ ತೊಟ್ಟಿ ಕಾಯುವವನು, “ನಿಮ್ಮ ಮನೆಯ ಮಾತು ಇನ್ನೂ ಬಂದಿಲ್ಲ.”

ಅತ್ತೆ ಮಗುವನ್ನು ಇಳಿಸಿದಳು. ಕೊಡವನ್ನು ಎಡಸೊಂಟಕ್ಕೆ ಏರಿಸಿದಳು. ಬಲಗೈಯನ್ನು ಎದೆಯ ಮೇಲಿಟ್ಟಳು.

“ನನ್ನ ಮಗನಿಗೆ ಅರಿತ್ಮಿಯಾ ಆಗಿತ್ತು,” ಎಂದಳು.

ಯಜಮಾನ ಅಷ್ಟಕ್ಕೇ ಬಿಡಲಿಲ್ಲ. “ಸೊಸೆಗೆ?”

ಅತ್ತೆ ಮಗುವಿನ ತುಟಿ ನೋಡಿದಳು.

“ನನ್ನ ಸೊಸೆಗೂ ಅರಿತ್ಮಿಯಾ.”

“ಎದೆ ಜೋಪಾನ,” ಎಂದ ಯಜಮಾನ. ತೊಟ್ಟಿಯ ಬಾಯಿ ತೆರೆಯಿತು.

ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಕಟ್ಟಿದವರೆಲ್ಲ ಹೋಗಿದ್ದರು. ಅತ್ತೆ ಲೋಟದಲ್ಲಿ ನೀರು ತುಂಬಿ ಮೊಮ್ಮಗಳ ಕೈಗೆ ಕೊಟ್ಟಳು. ಮಗು ಲೋಟ ಹಿಡಿದು ಮಂಚದ ಹತ್ತಿರ ಹೋಯಿತು.

“ಅಮ್ಮ, ನೀರು.”

ತಾಯಿ ಅತ್ತೆಯ ಮುಖ ನೋಡಿದಳು. “ಏನು ಹೇಳಿ ತಂದಿರಿ?”

ಅತ್ತೆ ಮುಚ್ಚಿಡಲಿಲ್ಲ. ಮಗನ ಬಗ್ಗೆ ಹೇಳಿದ್ದನ್ನು ಹೇಳಿದಳು, ಸೊಸೆಯ ಬಗ್ಗೆ ಹೇಳಿದ್ದನ್ನೂ ಹೇಳಿದಳು. ಹೇಳಿ ಗೋಡೆಗೆ ಒರಗಿ ಕೂತಳು.

“ಕುಡಿ ಪುಟ್ಟಿ,” ಎಂದಳು ತಾಯಿ.

ಮಗು ತಲೆಯಾಡಿಸಿತು. “ನೀನು ಮೊದಲು.”

“ನನಗೆ ಬೇಡ. ನೀನು ಕುಡಿ.”

“ನೀನು ಕುಡಿದರೆ ಕುಡೀತೀನಿ.” ಒಡೆದ ತುಟಿಯಲ್ಲಿ ರಕ್ತ ಜಿನುಗಿತು. ಲೋಟದ ನೀರು ಅಂಚಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು.

ತಾಯಿ ಕಣ್ಣು ಮುಚ್ಚಿದಳು. ಬಾಯಿ ತೆರೆದಳು. ಆ ನೀರನ್ನು ನುಂಗಿದಳು. ತಣ್ಣಗಿತ್ತು. ರುಚಿಯಾಗಿಯೂ ಇತ್ತು. ಅದನ್ನು ಅವಳು ಎಂದೂ ಕ್ಷಮಿಸಲಿಲ್ಲ.

ಆಮೇಲೆ ಮಗು ಕುಡಿಯಿತು. ಗಟಗಟ ಕುಡಿಯಿತು, ಉಸಿರು ತೆಗೆದುಕೊಂಡು ಮತ್ತೆ ಕುಡಿಯಿತು. ಕಣ್ಣಿಗೆ ಸ್ವಲ್ಪ ಬೆಳಕು ಬಂತು.

“ಪುಟ್ಟಿ, ಇಲ್ಲಿಂದ ಬಾಗಿಲ ತನಕ ಓಡು.”

ಮಗುವಿಗೆ ಅರ್ಥವಾಗಲಿಲ್ಲ. ಅಜ್ಜಿಯ ಮುಖ ನೋಡಿತು.

“ಸುಮ್ಮನಿರೇ,” ಎಂದಳು ಅತ್ತೆ. “ಇನ್ನೂ ಸಾಲದಾ?”

“ಓಡು ಮಗಳೇ. ಒಂದೇ ಸಲ.”

ಮಗು ಲೋಟವನ್ನು ಕೆಳಗಿಟ್ಟಿತು. ಎಲ್ಲರೂ ಕಲಿಸಿದ್ದ ಹಾಗೆ ಪುಟ್ಟ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡಿತು. ಒಂದು ಹೆಜ್ಜೆ, ಉಸಿರು. ಇನ್ನೊಂದು ಹೆಜ್ಜೆ, ಉಸಿರು. ಹಾಗೇ ನಡೆದು ಬಾಗಿಲು ಮುಟ್ಟಿ, ಹಾಗೇ ನಡೆದು ವಾಪಸು ಬಂತು. ಬಂದು, ಸರಿಯಾಗಿ ಮಾಡಿದೆನಾ ಎನ್ನುವ ಹಾಗೆ ತಾಯಿಯ ಮುಖ ನೋಡಿ ನಕ್ಕಿತು.

ತಾಯಿಯ ಮೈ ಸೀರೆಗಳ ಕೆಳಗೆ ಬಿಗಿಯಾಯಿತು. ಗಂಟುಗಳು ಸಡಿಲವಾಗಲಿಲ್ಲ.

ಅತ್ತೆ ತುಂಬ ಹೊತ್ತು ಕೂತೇ ಇದ್ದಳು. ಆಮೇಲೆ ಗೋಡೆ ಹಿಡಿದು ಎದ್ದಳು. ಬೀದಿಯಲ್ಲಿ ಯಾರಾದರೂ ಇದ್ದಾರಾ ಎಂದು ಇಣುಕಿ ನೋಡಿದಳು. ಬಾಗಿಲನ್ನು ಎಳೆದು ಒಳಗಿನಿಂದ ಅಗುಳಿ ಹಾಕಿದಳು. ಮೊಮ್ಮಗಳ ಹತ್ತಿರ ಬಂದು, ಆ ಪುಟ್ಟ ಕೈಯನ್ನು ಎದೆಯಿಂದ ಬಿಡಿಸಿ ಕೆಳಗಿಳಿಸಿದಳು.

ಕೈ ಮತ್ತೆ ಎದೆಗೆ ಹೋಯಿತು.

“ಇನ್ನೊಂದು ಸಲ,” ಎಂದಳು ತಾಯಿ.